ಒದ್ದೆ ತಲೆಯ ಹುಡುಗಿ

ಝೆರಿನಾ ಹುಟ್ಟಿದಾಗಿನಿಂದ ನಾನು ಅವಳನ್ನು ಬಲ್ಲೆ. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಎಡಗಡೆಯ ಮನೆ ನನ್ನದು, ಬಲಗಡೆಯದು ಅವಳ ಅಮ್ಮ ಫಿಕ್ರೆತಾಳದು. ನಡುವಿನ ಗೋಡೆ ತೀರಾ ತೆಳ್ಳಗಿನದು. ಬೆಳಿಗ್ಗೆ ಅಲ್ಲಿ ಹಿತ್ತಾಳೆಯ ಕೈಗಿರಣಿಯಲ್ಲಿ ಕಾಫಿ ಬೀಜ ಪುಡಿಯಾಗುವ ಸದ್ದು ಕೇಳಿಸಿತೆಂದರೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ, ಕರೆಯುವ ಶಾಸ್ತ್ರವೇ ಇರಲಿಲ್ಲ. ಅವರದು ಮಸೀದಿ, ನಮ್ಮದು ಚರ್ಚು. ಯುದ್ಧದ ಕಾಲದಲ್ಲಿ ನಮ್ಮ ಝೆನಿತ್ಸಾ ಊರಿಗೆ ಊರೇ ಹುಚ್ಚು ಹಿಡಿದು ಕೂತಿದ್ದಾಗಲೂ ಎರಡು ಬಾಗಿಲ ನಡುವೆ ತಟ್ಟೆ ಓಡಾಡುವುದು ನಿಂತಿರಲಿಲ್ಲ. ಆಗ ಕಾಫಿ ಬೀಜ ಸಿಗುತ್ತಿರಲಿಲ್ಲ, ಬಾರ್ಲಿ ಹುರಿದು ಕುದಿಸುತ್ತಿದ್ದೆವು.

ಫಿಕ್ರೆತಾ ಕೆಟ್ಟ ಹೆಂಗಸಲ್ಲ. ಆದರೆ ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡುವುದೆಂದರೆ ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಗಂಡ ಗಾರೆ ಕೆಲಸಕ್ಕೆಂದು ಸ್ಲೊವೇನಿಯಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವಳು ಬಸ್ ನಿಲ್ದಾಣದ ಪಕ್ಕದ ಬುರೆಕ್ ಅಂಗಡಿಯಲ್ಲಿ ಬೆಳಗಿನ ಜಾವದಿಂದ ನಿಂತು ಹಿಟ್ಟು ಎಳೆದು, ಹಾಳೆ ಹಾಳೆ ಮಾಡಿ, ಮಾಂಸ ಸುತ್ತಿ, ಮಗಳನ್ನು ಓದಿಸಿದಳು. ಮಗಳು ತರಗತಿಗೆ ಮೊದಲನೆಯವಳಾಗಿ ಕುಣಿದುಕೊಂಡು ಬಂದರೆ, "ಎರಡನೆಯವಳು ಯಾರು? ಪಾಪ, ಅವಳ ಅಮ್ಮನಿಗೆ ಬೇಜಾರಾಗಿರುತ್ತೆ" ಅನ್ನುತ್ತಿದ್ದಳು. ಕಾಲೇಜಿನಲ್ಲಿ ಲೋಹಶಾಸ್ತ್ರಕ್ಕೆ ಸೀಟು ಸಿಕ್ಕಿದ ದಿನ, "ಊರಿನ ಉಕ್ಕಿನ ಕಾರ್ಖಾನೆ ಮುಚ್ಚೋ ಕಾಲಕ್ಕೆ ಇವಳು ಕಬ್ಬಿಣ ಓದ್ತಾಳಂತೆ" ಅಂದಳು. ಆ ದಿನ ಮಗಳಿಗೆ ಇಷ್ಟವೆಂದು ಸೇಬಿನ ಕಡುಬು ಮಾಡಿದ್ದಳು. ಅದನ್ನು ಮಾತ್ರ ಹೇಳಲಿಲ್ಲ, ಮುಚ್ಚಳ ಹಾಕಿ ಒಲೆಯ ಮೇಲೆ ಇಟ್ಟಿದ್ದಳು.

ಅವಳ ಪ್ರೀತಿಯೆಲ್ಲ ಹೊರಗೆ ಬರುತ್ತಿದ್ದುದು ಒಂದೇ ದಾರಿಯಲ್ಲಿ, ಥಂಡಿಯ ದಾರಿಯಲ್ಲಿ. ಎದುರುಬದುರು ಬಾಗಿಲು ತೆರೆದರೆ ನಡುವೆ ಬೀಸುತ್ತದಲ್ಲ ಗಾಳಿ, ಅದಕ್ಕೆ ನಮ್ಮ ಕಡೆಯ ಹೆಂಗಸರು ಯುದ್ಧದಲ್ಲಿ ಬೀಳುತ್ತಿದ್ದ ಶೆಲ್ಲುಗಳಿಗಿಂತ ಹೆಚ್ಚು ಹೆದರುತ್ತಾರೆ. ನಾನೂ ಹೆದರುತ್ತೇನೆ. ಆದರೆ ಫಿಕ್ರೆತಾಳದು ಅತಿ. ಗೋಡೆಯಾಚೆಯಿಂದ ದಿನವೂ ನನಗೆ ಕೇಳಿಸುತ್ತಿದ್ದ ಮೊದಲ ಮಾತು, "ತಲೆ ಒಣಗಿಸಿಕೊಂಡ್ಯಾ?" ಜೂನ್ ತಿಂಗಳ ಬಿಸಿಲಲ್ಲೂ ಅದೇ ಮಾತು.

ಝೆರಿನಾ ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಮ್ಮೆ ನನ್ನ ಅಡುಗೆಮನೆಯಲ್ಲಿ ಕೂತು ಕೇಳಿದ್ದಳು. "ಚಿಕ್ಕಮ್ಮ, ನಾನಿಲ್ಲದಾಗ ಅಮ್ಮ ನನ್ನ ಬಗ್ಗೆ ಏನಾದ್ರೂ ಒಳ್ಳೇದು ಹೇಳ್ತಾಳಾ?"

"ಹೇಳದೆ ಏನು? ನಿನ್ನ ಕೂದಲು ಅಜ್ಜಿ ಕೂದಲಿನ ಥರ ದಟ್ಟ ಅಂತಾಳೆ."

"ಅದರಲ್ಲಿ ನಾನು ಮಾಡಿದ್ದೇನಿದೆ?" ಎಂದು ಹುಡುಗಿ ಮುಖ ಉಬ್ಬಿಸಿದಳು. "ನಾನು ಮಾಡಿದ್ದಕ್ಕೆ ಹೇಳ್ಬೇಕು. ನನ್ನ ಮುಖ ನೋಡಿ ಹೇಳ್ಬೇಕು. ಒಂದೇ ಒಂದು ಸಲ ಹೇಳಿದ್ರೆ ಸಾಕು, ಆಮೇಲೆ ಜೀವಮಾನವೆಲ್ಲ ಬೈದ್ರೂ ನಾನು ಚಕಾರ ಎತ್ತಲ್ಲ."

ಆಗ ನಾನು ನಕ್ಕೆ. ಅದು ನಗುವ ಮಾತಲ್ಲ ಎಂದು ತಿಳಿಯುವುದಕ್ಕೆ ಬಹಳ ಕಾಲ ಬೇಕಾಯಿತು.

ಪ್ರಾಗ್ ಪ್ರವಾಸದ ವಿಷಯ ಶುರುವಾದದ್ದು ಝೆರಿನಾಳಿಂದಲ್ಲ, ಅವಳ ಅಮ್ಮನಿಂದ. ಫಿಕ್ರೆತಾ ಶಾಲೆ ಮುಗಿಸುವ ವರ್ಷ ಅವರ ತರಗತಿಯೆಲ್ಲ ಪ್ರಾಗ್ ನೋಡಲು ಹೊರಟಿತ್ತು. ಕೆಂಪು ಜಾಕೆಟ್ ಹೊಲಿಸಿ ಚೀಲ ಕಟ್ಟಿ ಇಟ್ಟಿದ್ದಳು. ಆ ವಸಂತದಲ್ಲೇ ಯುದ್ಧ ಶುರುವಾಯಿತು, ಬಸ್ಸು ಹೊರಡಲೇ ಇಲ್ಲ. ಆ ತರಗತಿಯ ಎಷ್ಟೋ ಹುಡುಗರು ಮುಂದಿನ ವಸಂತ ನೋಡಲಿಲ್ಲ. ಫಿಕ್ರೆತಾ ಅವರ ಹೆಸರೆತ್ತುತ್ತಿರಲಿಲ್ಲ, ಪ್ರಾಗ್ ಹೆಸರೆತ್ತುತ್ತಿದ್ದಳು. ಅಲ್ಲೊಂದು ಹಳೆಯ ಗಡಿಯಾರವಿದೆ, ಗಂಟೆ ಹೊಡೆದಾಗ ಕಿಟಕಿಯಿಂದ ಬೊಂಬೆಗಳು ಹೊರಬರುತ್ತವೆ, ಅಲ್ಲೊಂದು ಕಲ್ಲಿನ ಸೇತುವೆ ಇದೆ ಎಂದು ಕಣ್ಣಾರೆ ಕಂಡವಳ ಹಾಗೆ ವರ್ಣಿಸುತ್ತಿದ್ದಳು.

ಹೀಗಿರುವಾಗ ಈ ಫೆಬ್ರವರಿಯ ರಜೆಯಲ್ಲಿ ಝೆರಿನಾಳ ಗೆಳತಿ ಮಿನೆಲಾ, ಜೊತೆಯಲ್ಲೇ ಓದುವ ಆರ್ನೆಲ್, ಇನ್ನೂ ಕೆಲವರು ಸೇರಿ ಬಸ್ಸಿನಲ್ಲಿ ಪ್ರಾಗ್‌ಗೆ ಹೋಗಿ ಬರೋಣ ಎಂದರು. ಹುಡುಗಿ ಒಪ್ಪಲಿಲ್ಲ. ಅಮ್ಮನ ಹೃದಯದ ಕವಾಟ ಸೋತಿತ್ತು, ಸರಾಯೆವೊದಲ್ಲಿ ಆಪರೇಷನ್ನಿಗೆ ಸರದಿ ಕಾಯುತ್ತಿದ್ದರು. ಡಾಕ್ಟರು ಗಾಬರಿ ಬೇಡ, ಬೇಸಿಗೆಯಲ್ಲಿ ಮಾಡೋಣ ಎಂದಿದ್ದರು.

"ನಾನು ಸಾಯೋಕೆ ನಿನ್ನ ಅಪ್ಪಣೆ ಬೇಕಾ?" ಎಂದು ಫಿಕ್ರೆತಾ ರೇಗಿದಳು. "ಹೋಗೇ. ನನಗೆ ಸಿಗದ ಪ್ರಾಗ್ ನಿನಗೂ ಬೇಡ ಅಂದ್ರೆ, ಇನ್ಯಾರಿಗೆ ಅದು? ಗಡಿಯಾರದ ಮುಂದೆ ನಿಂತು ಒಂದು ಫೋಟೊ, ಸೇತುವೆ ಮೇಲೊಂದು ಫೋಟೊ ಕಳಿಸು. ಮೂತಿ ಊದಿಸ್ಕೊಂಡು ನಿಲ್ಬೇಡ ಮತ್ತೆ."

ಗುರುವಾರ ಸಂಜೆ ಹೊರಟರು. ಹುಡುಗಿ ಕೊನೇ ಗಳಿಗೆಯಲ್ಲಿ ತಲೆಗೆ ನೀರು ಹಾಕಿಕೊಂಡಿದ್ದಳು. ಕೆಳಗೆ ಗೆಳೆಯರೆಲ್ಲ ನಿಂತಿದ್ದಾರೆ, ಮೇಲೆ ಬಾಲ್ಕನಿಯಿಂದ ಫಿಕ್ರೆತಾ ಬೀದಿಗೆಲ್ಲ ಕೇಳುವಂತೆ, "ಝೆರಿನಾ, ತಲೆ ಒಣಗಿದ್ಯಾ?" ಎಂದು ಕೂಗಿದಳು.

"ಅಮ್ಮಾ, ಸಾಕು! ಮಾನ ಕಳೀಬೇಡ."

"ಚಿಂತೆ ಬಿಡಿ, ಬಸ್ಸಿನ ಕಿಟಕಿಗೆ ಕಟ್ಟಿ ಒಣಗಿಸ್ತೀವಿ" ಎಂದ ಆರ್ನೆಲ್. ಎಲ್ಲರೂ ನಕ್ಕರು. ಝೆರಿನಾ ತಿರುಗಿ ನೋಡದೆ ನಡೆದಳು, ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು.

ಅವತ್ತು ಕಾಫಿಗೆ ಫಿಕ್ರೆತಾಳ ಅಣ್ಣ ಮುಹರೆಮ್ ಇದ್ದ. ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದವನು, ಗಂಟಲು ದೊಡ್ಡದು, ಮನಸ್ಸು ಮೆತ್ತಗೆ. ಅವನ ಎದುರಿಗೇ ಫಿಕ್ರೆತಾ ಹೇಳಿದಳು: "ಈ ಮೂರು ದಿನ ನನಗೆ ಎದೆ ಹಿಡೀತು, ಉಸಿರು ಕಟ್ಟಿತು ಅಂತ ಯಾರೂ ಹುಡುಗಿಗೆ ಫೋನ್ ಮಾಡ್ಬೇಡಿ. ನೋಡ್ಕೊಂಡು ಬರ್ಲಿ." ಎದೆ ಹಿಡಿಯುವುದು ಬೇರೆ, ಹೋಗಿಬಿಡುವುದು ಬೇರೆ. ಮುಹರೆಮ್ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ.

ಶನಿವಾರ ಬೆಳಿಗ್ಗೆ ಗಿರಣಿಯ ಸದ್ದು ಶುರುವಾಗಿ ನಿಂತುಹೋಯಿತು. ಕಾದೆ. ಮತ್ತೆ ಶುರುವಾಗಲಿಲ್ಲ. ನನ್ನ ಹತ್ತಿರ ಅವರ ಮನೆಯ ಬೀಗದ ಕೈ ಇದೆ, ಅವರ ಹತ್ತಿರ ನನ್ನದು. ಒಳಗೆ ಹೋದರೆ ಫಿಕ್ರೆತಾ ಅಡುಗೆಮನೆಯ ಕುರ್ಚಿಯಲ್ಲಿ ಗೋಡೆಗೆ ತಲೆ ಆನಿಸಿ ಕೂತಿದ್ದಳು, ಗಿರಣಿ ಮೊಣಕಾಲ ನಡುವೆ ಹಾಗೇ ಇತ್ತು. ಕೈ ಇನ್ನೂ ಬೆಚ್ಚಗಿತ್ತು. ಮುಹರೆಮ್‌ಗೆ ಫೋನ್ ಮಾಡಿದೆ, ಡಾಕ್ಟರೂ ಬಂದರು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಇನ್ನು ಮುಂದಿನದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಮನೆ ತುಂಬಿತು. ಮಣ್ಣು ಮಾಡುವುದು ಅವತ್ತೇ ಮಧ್ಯಾಹ್ನ ಎಂದು ಮುಹರೆಮ್ ತೀರ್ಮಾನಿಸಿದ.

"ಹುಡುಗಿ?" ಎಂದೆ.

"ಸೋಮವಾರ ಬಂದ್ಮೇಲೆ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಹೇಳ್ತೀನಿ ರೂಝಾ ಅಕ್ಕ. ಫಿಕ್ರೆತಾ ಏನು ಹೇಳಿದ್ಲು, ನೀವೂ ಕೇಳಿದ್ರಲ್ಲ?"

"ಅವಳು ಹೇಳಿದ್ದು ಇದಕ್ಕಲ್ಲ. ಅಲ್ಲಿಂದ ವಿಮಾನ ಇದೆ, ನಾಳೆ ತನಕ ಕಾಯಿರಿ. ಮಗಳು ಅಮ್ಮನ ಮುಖ ನೋಡ್ಬೇಡ್ವಾ? ತೊಳೆಯುವಾಗ ಒಂದು ತಂಬಿಗೆ ನೀರು ಹಾಕ್ಬೇಡ್ವಾ?"

"ನಮ್ಮಲ್ಲಿ ಹೆಂಗಸರು ಗೋರಿ ತನಕ ಹೋಗೋದೇ ಇಲ್ಲವಲ್ಲ ಅಕ್ಕ. ಗಂಡುಮಗ ಆಗಿದ್ರೆ ನಾನೇ ಕರೆಸ್ತಿದ್ದೆ, ಗುಂಡಿಗೆ ಇಳೀಬೇಕಿತ್ತು. ಇವಳು ಬಂದು ಮಾಡೋದಾದ್ರೂ ಏನು, ಕೋಣೇಲಿ ಕೂತು ಅಳೋದು ತಾನೆ? ಆ ಅಳು ಸೋಮವಾರ ಅತ್ತರಾಯ್ತು. ಎರಡು ದಿನ ಮಗು ನಗ್ತಾ ಇರ್ಲಿ."

ಮಸೀದಿಯ ಹಿರಿಯರನ್ನು ಕೇಳಿದೆ. "ಒಂದು ದಿನ ಕಾಯಬಹುದು, ತಪ್ಪಿಲ್ಲ, ಮನೆಯವರ ಇಷ್ಟ" ಎಂದರು ಅವರು. ಮುಹರೆಮ್ ನನ್ನ ಭುಜದ ಮೇಲೆ ಕೈಯಿಟ್ಟು, "ನೀವು ದೊಡ್ಡವರು. ಆದ್ರೆ ಇದು ನಮ್ಮ ಮನೆ ವಿಷಯ" ಎಂದು ಮೆಲ್ಲಗೆ ಹೇಳಿದ. ಅಷ್ಟು ವರ್ಷದ ಕಾಫಿ ಒಂದು ಕಡೆ, ರಕ್ತ ಒಂದು ಕಡೆ. ಹುಡುಗಿಗೆ ನಾನೇ ತಿಳಿಸೋಣವೆಂದರೆ ಅವಳ ನಂಬರು ನನ್ನ ಹತ್ತಿರ ಇರಲಿಲ್ಲ. ಗೋಡೆ ಬಡಿದು ಮಾತಾಡುವ ಮನೆಗಳಲ್ಲಿ ನಂಬರು ಯಾರು ಕೇಳಿಟ್ಟುಕೊಳ್ಳುತ್ತಾರೆ? ಒಲೆಯ ಮುಂದೆ ನಿಂತು ಬಂದವರಿಗೆಲ್ಲ ಕಾಫಿ ಕುದಿಸಿದೆ.

ಒಳಕೋಣೆಯಲ್ಲಿ ಹೆಂಗಸರು ಫಿಕ್ರೆತಾಳನ್ನು ತೊಳೆಯುತ್ತಿದ್ದಾಗ ಅಡುಗೆಮನೆಯ ಕಪಾಟಿನ ಮೇಲಿದ್ದ ಅವಳ ಫೋನು ಗುಣುಗುಟ್ಟಿತು. ಎಲ್ಲರೂ ಅದರ ಕಡೆ ನೋಡಿದರು, ಯಾರೂ ಮುಟ್ಟಲಿಲ್ಲ. ಮತ್ತೆ ಗುಣುಗುಟ್ಟಿತು. ಮುಹರೆಮ್‌ನ ಹೆಂಡತಿ ಸಬಾಹೆತಾ ಎತ್ತಿಕೊಂಡಳು. ಝೆರಿನಾ ಗಡಿಯಾರದ ಮುಂದೆ ನಿಂತು ಹಲ್ಲು ಕಾಣುವಂತೆ ನಗುತ್ತಿದ್ದ ಫೋಟೊ. ಕೆಳಗೆ, "ಅಮ್ಮ, ನಿನ್ನ ಬೊಂಬೆಗಳು ಬಂದ್ವು! ನೋಡಿದ್ಯಾ?"

"ಉತ್ತರ ಕೊಡದಿದ್ರೆ ಅನುಮಾನ ಬರುತ್ತೆ, ಫೋನ್ ಮಾಡ್ತಾಳೆ" ಎಂದಳು ಸಬಾಹೆತಾ. ಅವಳು ಬರೆದಳು: "ಚೆನ್ನಾಗಿದೆ ಬಂಗಾರ. ನನ್ನ ಗಂಟಲು ಕಟ್ಟಿದೆ, ಮಾತಾಡೋಕಾಗಲ್ಲ. ಬರೀತಾ ಇರು." ಕೆಳಗೆ ಒಂದು ಸಾಲು ಕೆಂಪು ಹೃದಯಗಳು. ಸಬಾಹೆತಾಳಿಗೆ ಎಲ್ಲರೂ ಬಂಗಾರವೇ, ಹಾಲು ಹಾಕುವವನೂ ಬಂಗಾರ, ಲಿಫ್ಟ್ ರಿಪೇರಿಯವನೂ ಬಂಗಾರ. ಫಿಕ್ರೆತಾ ಹೆತ್ತ ಮಗಳನ್ನು ಹಾಗೆ ಕರೆದದ್ದು ನಾನು ಕೇಳಿಲ್ಲ.

ಅತ್ತ ಪ್ರಾಗ್‌ನಲ್ಲಿ ನಡೆದದ್ದನ್ನು ಮಿನೆಲಾ ಆಮೇಲೆ ನನ್ನ ಮುಂದೆ ಕೂತು ಹೇಳಿದಳು. ಮುಹರೆಮ್ ಅವಳಿಗೆ ಫೋನ್ ಮಾಡಿ, "ಆರ್ನೆಲ್‌ಗೆ ಹೇಳು, ಬೇರೆ ಯಾರಿಗೂ ಬೇಡ. ಝೆರಿನಾ ನಗ್ತಾ ಇರೋ ಹಾಗೆ ನೋಡ್ಕೊಳ್ಳಿ, ಇದು ನಿಮ್ಮಿಬ್ಬರ ಜವಾಬ್ದಾರಿ" ಎಂದಿದ್ದ. ಇಪ್ಪತ್ತೊಂದು ತುಂಬದ ಮಕ್ಕಳ ತಲೆಯ ಮೇಲೆ ಎಂಥ ಹೊರೆ! ಆರ್ನೆಲ್ ಕೋತಿಯಾಟ ಆಡಿದ, ಕೋಟೆ ಹತ್ತುವಾಗ ಹಿಮ್ಮುಖವಾಗಿ ನಡೆದ, ಸಾಸೇಜು ಮಾರುವವಳ ಜೊತೆ ಕೈಸನ್ನೆಯಲ್ಲೇ ಜಗಳ ತೆಗೆದ. ಮಿನೆಲಾ ಎಲ್ಲರಿಗಿಂತ ಹಿಂದೆ, ತಲೆ ತಗ್ಗಿಸಿಕೊಂಡು ನಡೆದಳು.

"ನಿನಗೇನಾಗಿದೆಯೇ, ಅಳುಮುಂಜಿ?" ಎಂದು ಝೆರಿನಾ ಅವಳನ್ನೇ ಕೆಣಕಿದಳಂತೆ. "ಮನೆ ನೆನಪಾಯ್ತಾ? ನನ್ನಮ್ಮನ್ನ ನೋಡು, ಗಂಟಲು ಕಟ್ಟಿದ್ರೂ ಹೃದಯ ಕಳಿಸ್ತಾಳೆ. ಹೃದಯ! ನನ್ನಮ್ಮ! ಜ್ವರ ಬಂದಿದೆಯೋ ಏನೋ."

ಭಾನುವಾರ ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು ಕಳಿಸಿದಳು. ಉತ್ತರ ಬಂತು: "ನನ್ನ ಬಂಗಾರ, ನಿನ್ನಂಥ ಮಗಳನ್ನು ಹೆತ್ತಿದ್ದಕ್ಕೆ ನನಗೆ ಹೆಮ್ಮೆ. ನೀನು ಮಾಡಿದ್ದೆಲ್ಲ ನನ್ನ ಮನಸ್ಸಲ್ಲಿದೆ."

ಝೆರಿನಾ ಅದನ್ನು ಒಮ್ಮೆ ಓದಿದಳು, ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಅಲ್ಲೇ ಕಲ್ಲಿನ ಕಟ್ಟೆಗೆ ಒರಗಿ, ಜನರ ನಡುವೆ, ಬಿಕ್ಕಿ ಬಿಕ್ಕಿ ಅತ್ತಳು. "ನೋಡ್ರೇ, ಸಾವಿರ ಕಿಲೋಮೀಟರ್ ದೂರ ಬರಬೇಕಿತ್ತು ಈ ಒಂದು ಮಾತಿಗೆ. ಸಾಕು ನನಗೆ. ಇನ್ನೇನೂ ಬೇಡ." ಮಿನೆಲಾ ನದಿಯ ಕಡೆಗೆ ಮುಖ ತಿರುಗಿಸಿ ವಾಂತಿ ಮಾಡಿಕೊಂಡಳು. ತಿಂದದ್ದು ಒಗ್ಗಲಿಲ್ಲ ಎಂದು ಝೆರಿನಾ ಅವಳ ಬೆನ್ನು ಸವರಿದಳಂತೆ. ಅಂದೇ ಸಂಜೆ ಅಂಗಡಿ ಅಂಗಡಿ ಅಲೆದು ಅಮ್ಮನ ಕಾಫಿ ತಟ್ಟೆಗೆಂದು ಗಾಜಿನ ಒಂದು ಸಕ್ಕರೆ ಬಟ್ಟಲು ಕೊಂಡಳು.

ಆ ಮಾತಿಗೆ ಅವಳು ಬರೆದ ಉತ್ತರವನ್ನು ನಾನು ಕೇಳಿದ್ದೇನೆ. ಭಾನುವಾರವೂ ಫಿಕ್ರೆತಾಳ ಮನೆಯಲ್ಲಿ ಹೆಂಗಸರು ಪ್ರಾರ್ಥನೆಗೆ ಸೇರಿದ್ದರು. ಸಬಾಹೆತಾ ಎಲ್ಲರ ಮುಂದೆ ಓದಿದಳು. "ಅಮ್ಮ, ಗುರುವಾರ ನಿನ್ನ ಮೇಲೆ ರೇಗಿದೆ, ಮನಸ್ಸಿಗೆ ಹಚ್ಕೋಬೇಡ. ನನಗೆ ಎಲ್ಲ ಗೊತ್ತು, ಸೇಬಿನ ಕಡುಬೂ ಗೊತ್ತು. ಬೇಸಿಗೇಲಿ ನಿನ್ನ ಆಪರೇಷನ್ ಆಗ್ಲಿ, ಕೆಂಪು ಜಾಕೆಟ್ ನಾನು ಕೊಡಿಸ್ತೀನಿ, ಈ ಸೇತುವೆ ಮೇಲೆ ನಿನ್ನ ಕೈ ಹಿಡ್ಕೊಂಡು ನಡೆಸ್ತೀನಿ." ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. "ಮಗು ಎಷ್ಟು ಸಂತೋಷವಾಗಿದೆ ನೋಡಿ" ಎಂದಳು ಸಬಾಹೆತಾ, ಪುಣ್ಯದ ಕೆಲಸ ಮಾಡಿದವಳ ಮುಖ ಹೊತ್ತು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಹೊರಟುಬಂದೆ. ಅಲ್ಲೇ ಇದ್ದಿದ್ದರೆ ಕೈಲಿದ್ದದ್ದನ್ನು ಎಸೆದುಬಿಡುತ್ತಿದ್ದೆ.

ಸೋಮವಾರ ಮುಹರೆಮ್ ಕಟ್ಟಡದ ಬಾಗಿಲಿಗೆ ಅಂಟಿಸಿದ್ದ ಹಸಿರು ಅಂಚಿನ ಸಾವಿನ ಸುದ್ದಿಯ ಕಾಗದವನ್ನು ಕಿತ್ತ, ಎದುರಿನ ಮರದ ಮೇಲಿದ್ದದ್ದನ್ನೂ ಕಿತ್ತ, ಬಸ್ ನಿಲ್ದಾಣಕ್ಕೆ ಹೋಗಿ ನಿಂತ. ಬಸ್ಸಿನವನು ನಿಲ್ದಾಣದ ತನಕ ಬರದೆ ವಿದ್ಯಾರ್ಥಿಗಳನ್ನು ನಮ್ಮ ವೃತ್ತದ ಹತ್ತಿರವೇ ಇಳಿಸಿಬಿಟ್ಟ. ಮಿನೆಲಾ ತಡೆಯಲು ನೋಡಿದಳು, ಕಾಫಿ ಕುಡಿಯೋಣ ಎಂದಳು, ಕೈ ಹಿಡಿದು ಎಳೆದಳು. "ಅಮ್ಮನ ಕೈ ಕಾಫಿ ಬಿಟ್ಟು ನಿನ್ನ ಜೊತೆ ಅಂಗಡಿ ಕಾಫಿಯಾ? ಹೋಗೇ" ಎಂದು ಝೆರಿನಾ ಮೆಟ್ಟಿಲು ಹತ್ತಿದಳು.

ನಾನು ಕಾಫಿ ಪಾತ್ರೆ ಹಿಡಿದು ನನ್ನ ಬಾಗಿಲಿಂದ ಹೊರಬರುತ್ತಿದ್ದೆ. ಹುಡುಗಿ ಕೊನೆಯ ತಿರುವಿನಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಕಾಗದ ಸುತ್ತಿದ ಬಟ್ಟಲು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಫಿಕ್ರೆತಾಳ ಬಾಗಿಲ ಮುಂದೆ ಹೆಂಗಸರ ಚಪ್ಪಲಿ, ಬೂಟು, ರಾಶಿ ರಾಶಿ ಬಿದ್ದಿದ್ದವು, ಕೆಳಗಿನ ಮೆಟ್ಟಿಲ ತನಕ ಚೆಲ್ಲಿದ್ದವು. ಮದುವೆಯಿಲ್ಲದ ಮನೆಯ ಮುಂದೆ ಅಷ್ಟು ಚಪ್ಪಲಿ ಯಾವಾಗ ಸೇರುತ್ತವೆ ಎಂದು ನಮ್ಮಲ್ಲಿ ಪುಟ್ಟ ಮಕ್ಕಳಿಗೂ ಗೊತ್ತು. ಕಾಗದ ಕಿತ್ತವರಿಗೆ ಚಪ್ಪಲಿಗಳ ನೆನಪಾಗಿರಲಿಲ್ಲ.

"ಚಿಕ್ಕಮ್ಮ, ಅಮ್ಮನ ಗಂಟಲು ಕಟ್ಟಿದೆ ಅಂದ್ಲು, ಅಷ್ಟೇ ತಾನೆ?" ಎಂದಳು.

ಅವಳು ಬಟ್ಟಲನ್ನು ಮೆಟ್ಟಿಲ ಮೇಲೆ ಹುಷಾರಾಗಿ ಇಟ್ಟಳು. ಚಪ್ಪಲಿಗಳನ್ನು ಕಾಲಿನಿಂದ ಸರಿಸಿಕೊಂಡು ಒಳಗೆ ಹೋದಳು.

ಹೆಂಗಸರು ಕೊರಳಿಗೆ ಬಿದ್ದರು. ಅವಳು ಅಳಲಿಲ್ಲ. ಏದುಸಿರು ಬಿಡುತ್ತ ಮುಹರೆಮ್ ಬಂದ. "ಯಾವಾಗ ಮಾವ?" ಎಂದು ಕೇಳಿದಳು.

"ಶನಿವಾರ ಬೆಳಿಗ್ಗೆ, ಮಗಳೇ. ಏನೂ ನೋವಾಗ್ಲಿಲ್ಲ ಅವಳಿಗೆ."

ಝೆರಿನಾ ಜೇಬಿನಿಂದ ಫೋನು ತೆಗೆದಳು. ಅಮ್ಮನ ಫೋಟೊ ನೋಡುತ್ತಾಳೆ ಎಂದುಕೊಂಡೆವು. "ಭಾನುವಾರ ಇದನ್ನ ಬರೆದದ್ದು ಯಾರು?"

ಸಬಾಹೆತಾ, "ನಾನು, ಬಂಗಾರ" ಎಂದಳು. "ಅವಳ ಮನಸ್ಸಲ್ಲಿ ಇದ್ದದ್ದನ್ನೇ ಬರೆದೆ."

"ಅವಳ ಮನಸ್ಸಲ್ಲಿ ಏನಿತ್ತು ಅಂತ ನಿಮಗೆ ಹೇಗೆ ಗೊತ್ತು ಅತ್ತೆ?" ಹುಡುಗಿಯ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಅವಳು ಹೇಳ್ಲಿಲ್ಲ. ಹೇಳದೇನೇ ಹೋದ್ಲು. ನಾನು ಅಲ್ಲಿ ನಿಂತು ಅಷ್ಟೆಲ್ಲ ಬರೆದಾಗ ಅವಳು ಮಣ್ಣಲ್ಲಿದ್ಲು. ಅದನ್ನ ನೀವು ಓದಿದ್ರಿ."

ಅಮ್ಮನ ನಿಜವಾದ ಕೊನೆಯ ಮಾತು ಶುಕ್ರವಾರದ್ದು. ಅದನ್ನು ಆಮೇಲೆ ನನಗೆ ಝೆರಿನಾಳೇ ತೋರಿಸಿದಳು. "ಸ್ನಾನ ಮಾಡಿದ್ರೆ ತಲೆ ಒಣಗಿಸ್ಕೊಂಡು ಹೊರಡು. ಅಲ್ಲಿ ನದಿ ಗಾಳಿ." ಅದಕ್ಕೆ ಮಗಳ ಉತ್ತರ, "ಅಯ್ಯೋ, ಬಿಡಮ್ಮ."

ಈಗ ಅವಳು ಆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಕಾಲೇಜಿಗೆ ಮನಸ್ಸಾದರೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ. ಮುಹರೆಮ್ ವಾರಕ್ಕೊಮ್ಮೆ ಬಂದು ಕೂರುತ್ತಾನೆ, ಕಾಫಿ ಕೊಡುತ್ತಾಳೆ, ಮಾತು ಕೊಡುವುದಿಲ್ಲ. ಅವನು ಮುದುಕನಾಗಿಬಿಟ್ಟಿದ್ದಾನೆ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು ಇಳಿಯುತ್ತಾನೆ. ಸಬಾಹೆತಾ ಬರುವುದನ್ನು ಬಿಟ್ಟಳು. ಮಿನೆಲಾ ಬಂದರೆ ನನ್ನ ಬಾಗಿಲು ತಟ್ಟುತ್ತಾಳೆ, ಪಕ್ಕದ ಬಾಗಿಲು ತಟ್ಟುವ ಧೈರ್ಯ ಅವಳಿಗಿಲ್ಲ. ಸಕ್ಕರೆ ಬಟ್ಟಲು ಸುತ್ತಿದ ಕಾಗದದಲ್ಲೇ ಕಪಾಟಿನ ಮೇಲಿದೆ. ಬೆಳಗಿನ ಗಿರಣಿಯ ಸದ್ದು ನಿಂತುಹೋಗಿದೆ, ಅವಳು ಅಂಗಡಿಯ ಪುಡಿ ತರುತ್ತಾಳೆ.

ಮೊನ್ನೆ, ಮಾರ್ಚ್ ಬಂದರೂ ಚಳಿ ಬಿಡದ ಒಂದು ಬೆಳಿಗ್ಗೆ, ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ. ಪಕ್ಕದ ಬಾಲ್ಕನಿಯಲ್ಲಿ ಝೆರಿನಾ ನಿಂತಿದ್ದಳು. ಆಗತಾನೆ ತಲೆಗೆ ಸ್ನಾನ ಮಾಡಿದ್ದಾಳೆ, ಅಜ್ಜಿಯ ಆ ದಟ್ಟ ಕೂದಲಿನಿಂದ ನೀರು ತೊಟ್ಟಿಕ್ಕಿ ಅಂಗಿಯ ಬೆನ್ನೆಲ್ಲ ತೊಯ್ದಿದೆ. ಹಿಂದೆ ಬಾಲ್ಕನಿ ಬಾಗಿಲು ತೆರೆದಿದೆ, ಅದರ ನೇರಕ್ಕೆ ಮೆಟ್ಟಿಲ ಕಡೆಯ ಬಾಗಿಲೂ ಹಾರು ಹೊಡೆದಿದೆ, ಗಾಳಿ ಮನೆಯ ಈ ತುದಿಯಿಂದ ಆ ತುದಿಗೆ ನುಗ್ಗುತ್ತಿದೆ. ತುಟಿ ನೀಲಿಗಟ್ಟಿದೆ. ಬೇಕೆಂದೇ ನಿಂತಿದ್ದಳು. ಯಾವುದೋ ಒಂದು ಕೂಗಿಗೆ ಕಿವಿ ಕೊಟ್ಟು ನಿಂತಿದ್ದಳು.

ತಡೆಯಲಾಗದೆ, "ಝೆರಿನಾ, ತಲೆ..." ಎಂದೆ.

ಗಕ್ಕನೆ ತಿರುಗಿದಳು. ಒಂದು ಕ್ಷಣ ಆ ಮುಖದಲ್ಲಿ ಏನು ಹೊಳೆಯಿತೋ, ನನಗೆ ಮರೆಯಲಾಗದು. ನಾನೆಂದು ಗೊತ್ತಾದಾಗ ಅದು ಆರಿತು.

"ಬೇಡ ಚಿಕ್ಕಮ್ಮ" ಎಂದಳು. "ಕೈ ಮುಗೀತೀನಿ. ಅವಳ ಮಾತನ್ನ ಇನ್ಯಾರೂ ಆಡ್ಬೇಡಿ."

ಒಣಹಾಕದ ಬಟ್ಟೆಯನ್ನು ಹಾಗೇ ಎತ್ತಿಕೊಂಡು ಒಳಗೆ ಬಂದೆ. ಗೋಡೆಯಾಚೆ ಬಾಗಿಲು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ನಡುನಡುವೆ ಅವಳು ಕೆಮ್ಮುವುದು ಕೇಳಿಸುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಬಾಯಿಗೆ ಕೈವಸ್ತ್ರ ಒತ್ತಿಕೊಂಡೆ.